ಗಂಧದ ಮರ, ಸೋಪು ಮತ್ತು ಕೆಮಿಸ್ಟ್ರಿ ಪದವಿ



ಗಾಂಧಿನಗರದ ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಯಶವಂತಪುರದ ಕಡೆಗೆ ಹೊರಟರೆ, ರಾಜಾಜಿನಗರ, ಮಹಾಲಕ್ಷ್ಮಿ ದಾಟಿದ ಮೇಲೆ ಬರುವ ನಿಲ್ದಾಣದ ಹೆಸರು ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’. “ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ತಗೊಂಡು ಏನು ಮಾಡ್ತೀಯಪ್ಪ, ಮೇಷ್ಟ್ರಾಗ್ತೀಯಾ?” ಎಂದು ಮನೆಗೆ ಬಂದ ನೆಂಟರು ಕೇಳಿದಾಗ ತಡವರಿಸುವ ನಿಮಗೆ ಈ ಹೆಸರಿನ ಹಿಂದಿನ ಕಥೆ ಗೊತ್ತಿರಬೇಕು.

1914ರವರೆಗೆ ಮೈಸೂರು ಸಂಸ್ಥಾನ ತನ್ನ ಶ್ರೀಗಂಧವನ್ನು ಮರವಾಗಿಯೇ ಮಾರುತ್ತಿತ್ತು. ಅದರ ದೊಡ್ಡ ಪಾಲು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. ಮರ ನಮ್ಮದು, ಎಣ್ಣೆ ತೆಗೆಯುವ ವಿದ್ಯೆ ಅವರದು. ಆ ವರ್ಷ ಮಹಾಯುದ್ಧ ಶುರುವಾಗಿ ಜರ್ಮನಿಯ ದಾರಿ ಮುಚ್ಚಿತು. ಕೊಳ್ಳುವವರಿಲ್ಲದೆ ಗಂಧ ಉಳಿಯಿತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ, ಕೈಗಾರಿಕಾ ಇಲಾಖೆಯ ಮುಖ್ಯಸ್ಥರು ಆಲ್ಫ್ರೆಡ್ ಚಾಟರ್ಟನ್. ಅವರು ನೆಚ್ಚಿದ್ದು 1911ರಲ್ಲಷ್ಟೇ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿದ್ದ ಟಾಟಾ ಇನ್‌ಸ್ಟಿಟ್ಯೂಟನ್ನು, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು. ಅಲ್ಲಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೋ ಮತ್ತು ವಾಟ್ಸನ್ ಪ್ರಯೋಗಾಲಯದಲ್ಲಿ ಗಂಧದೆಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲೇ ಎಣ್ಣೆಯ ಕಾರ್ಖಾನೆ ಆರಂಭವಾಯಿತು.

ಅವರು ಮಾಡಿದ್ದೇನು? ಗಂಧದೆಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಕುದಿಯಲು ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಅಷ್ಟು ಕಾಯಿಸಿದರೆ ಪರಿಮಳವೇ ಕೆಡುವ ಭಯ. ಆದರೆ ಮರದ ತಿರುಳನ್ನು ಪುಡಿಮಾಡಿ ಅದರೊಳಗೆ ಹಬೆ ಹಾಯಿಸಿದರೆ, ನೀರಿನೊಡನೆ ಬೆರೆಯದ ಎಣ್ಣೆ 100 ಡಿಗ್ರಿಯ ಆಸುಪಾಸಿನಲ್ಲೇ ಹಬೆಯ ಜೊತೆ ಹೊರಬರುತ್ತದೆ. ತಣಿಸಿದಾಗ ನೀರು ಬೇರೆ, ಎಣ್ಣೆ ಬೇರೆ. ನಿಮ್ಮ ಪಠ್ಯದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಬರುವ ‘ಸ್ಟೀಮ್ ಡಿಸ್ಟಿಲೇಷನ್’ ಎಂದರೆ ಇದೇ.

ಎಣ್ಣೆಯಿಂದ ಸೋಪಿಗೆ ಬಂದ ಹೆಜ್ಜೆ ಸೋಸಲೆ ಗರಳಪುರಿ ಶಾಸ್ತ್ರಿಯವರದು. ಈ ರಸಾಯನ ವಿಜ್ಞಾನಿಯನ್ನು ಸೋಪಿನ ತಂತ್ರ ಕಲಿತು ಬರಲು ಸಂಸ್ಥಾನವೇ ಇಂಗ್ಲೆಂಡಿಗೆ ಕಳಿಸಿತು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಹೊರಬಂತು. ಮೊಟ್ಟೆಯಾಕಾರದ ಬಿಲ್ಲೆ, ಆನೆಯ ತಲೆ ಸಿಂಹದ ಮೈಯ ಶರಭದ ಗುರುತು ನಿಮಗೆ ಗೊತ್ತೇ ಇವೆ. ಜನ ಅವರನ್ನು ‘ಸೋಪ್ ಶಾಸ್ತ್ರಿ’ ಎಂದೇ ಕರೆದರು. ಡಾಕ್ಟರೇಟ್‌ಗಿಂತ ಇದೇ ದೊಡ್ಡ ಬಿರುದು ಎಂದು ನನಗನ್ನಿಸುತ್ತದೆ.

ಸೋಪಿನಲ್ಲಿ ಕಾಸ್ಟಿಕ್ ಸೋಡಾ ಹೆಚ್ಚಾಗಿ ಉಳಿದರೆ ಚರ್ಮ ಉರಿಯುತ್ತದೆ. ಉಳಿದಿದೆಯೇ ಎಂದು ನೋಡಲು ಸೋಪನ್ನು ಆಲ್ಕೋಹಾಲಿನಲ್ಲಿ ಕರಗಿಸಿ, ಫಿನಾಲ್ಫ್ಥಲೀನ್ ಹಾಕಿ, ಗುಲಾಬಿ ಬಣ್ಣ ಹೋಗುವ ತನಕ ಆಮ್ಲ ಬಿಡಬೇಕು. ಪಿ.ಯು.ಸಿ. ಪ್ರಾಕ್ಟಿಕಲ್‌ನಲ್ಲಿ ನೀವು ಬ್ಯೂರೆಟ್ ಹಿಡಿದು ಮಾಡುವ ಟೈಟ್ರೇಷನ್ನಿನ ಬಳಗಕ್ಕೇ ಇದೂ ಸೇರಿದ್ದು. ಪಕ್ಕದವನ ರೀಡಿಂಗ್ ನೋಡಿ ಬರೆದುಕೊಂಡವನಿಗೆ ಇಂಥ ಕೆಲಸ ಸಿಕ್ಕರೂ ದಕ್ಕುವುದಿಲ್ಲ. ಔಷಧ ಕಂಪನಿ, ಕುಡಿಯುವ ನೀರಿನ ಪರೀಕ್ಷೆ, ಆಹಾರದ ಕಲಬೆರಕೆ ಪತ್ತೆ, ಬಣ್ಣದ ಕಾರ್ಖಾನೆ, ವಿಧಿವಿಜ್ಞಾನ ಪ್ರಯೋಗಾಲಯ, ಮಾಲಿನ್ಯ ನಿಯಂತ್ರಣ ಮಂಡಳಿ, ಎಲ್ಲೆಡೆ ಬೇಕಾದದ್ದು ಅಳತೆ ತಪ್ಪದ ಕೈ.

ವಿದ್ಯಾರ್ಥಿನಿಯರಿಗೆ ಇನ್ನೊಂದು ಮಾತು. ಬಾಂಬೆ ವಿಶ್ವವಿದ್ಯಾಲಯದ ಪದವೀಧರೆ ಕಮಲಾ ಭಾಗವತ್ 1933ರಲ್ಲಿ ಅದೇ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕ ಸಿ.ವಿ. ರಾಮನ್ ಒಪ್ಪಲಿಲ್ಲ. ದೊಡ್ಡವರ ಸಣ್ಣತನವನ್ನೂ ಇತಿಹಾಸ ದಾಖಲಿಸಬೇಕು. ಆಕೆ ಹಟ ಬಿಡದೆ, ಒಂದು ವರ್ಷ ಕೆಲಸ ನೋಡಿ ತೀರ್ಮಾನಿಸುವ ಷರತ್ತಿನ ಮೇಲೆ ಸೇರಿ, ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನ್ ಕುರಿತು ದುಡಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಕಮಲಾ ಸೊಹೊನಿ ಎಂಬುದು ಮದುವೆಯ ನಂತರದ ಹೆಸರು.

ಸಂಶೋಧನೆಗೆ ವಿದೇಶದ ಪದವಿಯಿಂದಲೇ ಆರಂಭಿಸಬೇಕಿಲ್ಲ. ಗಾಂಧಿನಗರದಿಂದ ನಡೆದೇ ಹೋಗಬಹುದಾದ ಸೆಂಟ್ರಲ್ ಕಾಲೇಜಿನಲ್ಲಿ 1951ರಲ್ಲಿ ಬಿ.ಎಸ್ಸಿ. ಮುಗಿಸಿದ ಬಸವನಗುಡಿಯ ಹುಡುಗ ಸಿ.ಎನ್.ಆರ್. ರಾವ್ 2014ರಲ್ಲಿ ಭಾರತರತ್ನ ಸ್ವೀಕರಿಸಿದರು. ಆ ಹಾದಿಯಲ್ಲಿ ಹೋಗುವ ಮನಸ್ಸಿದ್ದರೆ ಪದವಿಯ ಕೊನೆಯ ವರ್ಷದಲ್ಲಿ ‘ಜಾಮ್’ ಪರೀಕ್ಷೆ ಬರೆಯಿರಿ, ಐ.ಐ.ಟಿ.ಗಳ ಎಂ.ಎಸ್ಸಿ.ಗೂ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಅದೇ ಬಾಗಿಲು.