ನೋವಿನ ಬರವಣಿಗೆ: ಆಘಾತದಿಂದ ಚೇತರಿಕೆ ಕುರಿತ ಪ್ರಯೋಗಗಳ ಮರುಓದು

ಮನಸ್ಸಿನ ಭಾರವನ್ನು ಕಾಗದಕ್ಕಿಳಿಸಿದರೆ ಹಗುರಾಗುತ್ತದೆ ಎಂಬ ಸಲಹೆ ಆಪ್ತಸಮಾಲೋಚನೆಯಲ್ಲೂ ಪತ್ರಿಕೆಗಳ ಅಂಕಣಗಳಲ್ಲೂ ಸಲೀಸಾಗಿ ಕೇಳಿಬರುತ್ತಿದೆ. ಇದಕ್ಕೆ ಆಧಾರವೆಂದು ತೋರಿಸುವ ಪ್ರಯೋಗಗಳನ್ನು ಬಿಡಿಸಿ ನೋಡಿದರೆ, ಅವು ಹೇಳುವ ಮಾತಿನ ವ್ಯಾಪ್ತಿ ಕಿರಿದು, ಉಪಯೋಗ ಹೆಚ್ಚು. ನಡೆದದ್ದನ್ನೂ ಅದು ಎಬ್ಬಿಸಿದ ಭಾವನೆಯನ್ನೂ ಒಂದೇ ಕಥನದಲ್ಲಿ ಹೆಣೆಯುವಾಗ ಬರವಣಿಗೆ ಫಲ ಕೊಡುತ್ತದೆ. ಭಾವನೆಯನ್ನು ಬರಿದೇ ಸುರಿಯುವುದಕ್ಕೆ ಅಂಥ ಬಲವಾದ ಆಧಾರವಿಲ್ಲ ಎಂಬುದು ಈ ಲೇಖನದ ವಾದ.

ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ ಈ ಹಾದಿಗೆ ಬಂದದ್ದು ಮೌನದ ಅಧ್ಯಯನದಿಂದ. ಆತ್ಮಹತ್ಯೆಯಿಂದಲೋ ಅಪಘಾತದಿಂದಲೋ ಬಾಳಸಂಗಾತಿಯನ್ನು ಕಳೆದುಕೊಂಡವರನ್ನು ಅವರು ಮತ್ತು ರಾಬಿನ್ ಒ'ಹೀರನ್ 1984ರಲ್ಲಿ ಅಧ್ಯಯನ ಮಾಡಿದರು. ಸ್ನೇಹಿತರೊಡನೆ ದುಃಖ ಹಂಚಿಕೊಂಡವರಲ್ಲಿ ಕಾಯಿಲೆ ಕಡಿಮೆಯಿತ್ತು. ನೋವನ್ನು ಒಳಗೇ ಹಿಡಿದಿಡುವುದು ದೇಹಕ್ಕೂ ದುಡಿಮೆ ಎಂದು ಅವರು ಊಹಿಸಿದರು. ಹೇಳಿಕೊಳ್ಳಲು ಯಾರೂ ಇಲ್ಲದವರಿಗೆ ಬರವಣಿಗೆಯೇ ಕೇಳುಗನಾಗಬಲ್ಲದೇ ಎಂಬ ಪ್ರಶ್ನೆಗೆ ಇಲ್ಲಿಂದ ದಾರಿ ತೆರೆಯಿತು.

ಸ್ಯಾಂಡ್ರಾ ಬೀಲ್ ಜೊತೆಗೂಡಿ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗ ಇವತ್ತಿಗೂ ನಿಧಾನವಾಗಿ ಓದತಕ್ಕದ್ದು. 46 ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ರಾತ್ರಿ, ಒಮ್ಮೆಗೆ 15 ನಿಮಿಷ ಬರೆದರು. ಒಂದು ಗುಂಪಿಗೆ ಕ್ಷುಲ್ಲಕ ವಿಷಯ. ಉಳಿದ ಮೂರಕ್ಕೂ ಬದುಕಿನ ಆಘಾತವೇ ವಸ್ತು: ಒಂದು ಗುಂಪು ನಡೆದದ್ದನ್ನು ಮಾತ್ರ, ಇನ್ನೊಂದು ಭಾವನೆಯನ್ನು ಮಾತ್ರ, ಮತ್ತೊಂದು ಎರಡನ್ನೂ ಬರೆಯಬೇಕಿತ್ತು. ಭಾವನೆಗೆ ಕೈಹಾಕಿದವರು ಬರೆದ ಕೂಡಲೇ ಹಗುರಾಗಲಿಲ್ಲ, ಇನ್ನಷ್ಟು ಕುಗ್ಗಿದರು. ಆದರೆ ಮುಂದಿನ ಆರು ತಿಂಗಳಲ್ಲಿ ಎರಡನ್ನೂ ಕೂಡಿಸಿ ಬರೆದವರು ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಬರೀ ಸಂಗತಿ ಬರೆದವರು ಕ್ಷುಲ್ಲಕ ವಿಷಯದವರಿಗಿಂತ ಹೆಚ್ಚು ಬೇರೆಯಾಗಿರಲಿಲ್ಲ. ಜನಪ್ರಿಯ ಬರಹಗಳು ಈ ಫಲಿತಾಂಶದಿಂದ ಭಾವನೆಯನ್ನಷ್ಟೇ ಎತ್ತಿಕೊಂಡು ಸಂಗತಿಯನ್ನು ಕೈಬಿಟ್ಟಿವೆ. ಪ್ರಯೋಗದ ತಿರುಳೇ ಅಲ್ಲಿ ಕಳೆದುಹೋಗಿದೆ.

ಅದುಮಿಟ್ಟದ್ದು ಹೊರಬಂದದ್ದೇ ಗುಣಕ್ಕೆ ಕಾರಣ ಎಂಬ ವಿವರಣೆಗೂ ಪೆಟ್ಟು ಬಿತ್ತು. 1996ರಲ್ಲಿ ಮೆಲನೀ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಹಿಂದೆ ಆಘಾತ ಅನುಭವಿಸಿದ್ದ ಕೆಲವು ಯುವತಿಯರಿಂದ ತಮ್ಮದಲ್ಲದ, ಕಲ್ಪಿತ ಆಘಾತವೊಂದನ್ನು ಬರೆಸಿದರು. ಅವರಿಗೂ ಪ್ರಯೋಜನವಾಯಿತು! ಬಚ್ಚಿಟ್ಟ ಗುಟ್ಟು ಇಲ್ಲದಿದ್ದಲ್ಲಿ ಬಿಡುಗಡೆಯಾದದ್ದಾದರೂ ಏನು? ಹಾಗಾಗಿ ಗಮನ ಬರಹದ ಒಳಗಿನ ರಚನೆಯತ್ತ ಹೊರಳುವುದು ಸಹಜವೇ. ಪೆನ್ನೆಬೇಕರ್, ಟ್ರೇಸಿ ಮೇನ್ ಮತ್ತು ಮಾರ್ಥಾ ಫ್ರಾನ್ಸಿಸ್ 1997ರಲ್ಲಿ ಕಂಪ್ಯೂಟರ್ ಎಣಿಕೆಯಿಂದ ಕಂಡದ್ದು ಇದು: ಮೊದಲ ದಿನದಿಂದ ಕೊನೆಯ ದಿನಕ್ಕೆ ಬರುವಷ್ಟರಲ್ಲಿ ಕಾರಣ ಹುಡುಕುವ, ಅರಿವು ಸೂಚಿಸುವ ಪದಗಳು ಯಾರ ಬರಹದಲ್ಲಿ ಹೆಚ್ಚಾದವೋ ಅವರ ಆರೋಗ್ಯ ಸುಧಾರಿಸಿತು. ಮೊದಲ ದಿನವೇ ಅಚ್ಚುಕಟ್ಟಾದ ಕಥೆ ಕೈಯಲ್ಲಿದ್ದವರಿಗಿಂತ, ಬರೆಯುತ್ತ ಬರೆಯುತ್ತ ಅದನ್ನು ಕಟ್ಟಿಕೊಂಡವರಿಗೆ ಲಾಭ ಹೆಚ್ಚು. ಶೆರ್ಲಾಕ್ ಕ್ಯಾಂಪ್‌ಬೆಲ್ ಜೊತೆಗಿನ 2003ರ ಅಧ್ಯಯನದಲ್ಲಿ ಸರ್ವನಾಮಗಳ ಬಳಕೆ ದಿನದಿಂದ ದಿನಕ್ಕೆ ಬದಲಾಗುವುದಕ್ಕೂ ಆರೋಗ್ಯಕ್ಕೂ ನಂಟು ಕಂಡಿತು. ನೋಡುವ ನಿಲುವು ಬದಲಾದದ್ದರ ಗುರುತು ಅದೆಂದು ನಾನು ಓದುತ್ತೇನೆ.

ಫಲದ ಅಳತೆಯ ವಿಷಯದಲ್ಲಿ ಪ್ರಾಮಾಣಿಕವಾಗಿರಬೇಕು. ಜೋಶುವಾ ಸ್ಮಿತ್ ತಂಡದ 1999ರ ಅಧ್ಯಯನದಲ್ಲಿ ಅಸ್ತಮಾ ಮತ್ತು ಸಂಧಿವಾತದ ರೋಗಿಗಳ ಪೈಕಿ ಒತ್ತಡದ ಅನುಭವ ಬರೆದವರಲ್ಲಿ ಶೇ. 47ರಷ್ಟು ಮಂದಿ ನಾಲ್ಕು ತಿಂಗಳಲ್ಲಿ ಗಣನೀಯವಾಗಿ ಸುಧಾರಿಸಿದರೆ, ಉಳಿದವರಲ್ಲಿ ಅದು ಶೇ. 24. ಈ ಅಂಕಿ ಹುಟ್ಟಿಸಿದ ಉತ್ಸಾಹವನ್ನು ಜೋವನ್ ಫ್ರಾಟರೋಲಿ ಅವರ 2006ರ ವಿಶ್ಲೇಷಣೆ ತಗ್ಗಿಸಿತು: 146 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಪರಿಣಾಮ ಇತ್ತು, ಆದರೆ ಸಣ್ಣದು. ಹಾನಿಯ ವರದಿಯೂ ಉಂಟು. ದಾಂಪತ್ಯ ಮುರಿದವರ ಮೇಲೆ ಡೇವಿಡ್ ಸ್ಬಾರಾ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದನ್ನೇ ಮೆಲುಕು ಹಾಕುವ ಸ್ವಭಾವದವರಿಗೆ ಭಾವನೆಯ ಬರವಣಿಗೆ ಚೇತರಿಕೆಯನ್ನೇ ತಡೆಯಿತು.

ತೀವ್ರ ಆಘಾತದಿಂದ ನರಳುವವರಿಗೆ ಬೇಕಾದದ್ದು ಕಟ್ಟುನಿಟ್ಟಾದ ಚೌಕಟ್ಟು. ಡೆನಿಸ್ ಸ್ಲೋನ್ ಮತ್ತು ಬ್ರಯಾನ್ ಮಾರ್ಕ್ಸ್ ರೂಪಿಸಿದ ಐದು ಭೇಟಿಗಳ ಬರವಣಿಗೆ ಚಿಕಿತ್ಸೆಯಲ್ಲಿ ಚಿಕಿತ್ಸಕರ ಮಾರ್ಗದರ್ಶನದಲ್ಲಿ ಒಂದೇ ಘಟನೆಯನ್ನು ಪ್ರತಿ ಸಲ 30 ನಿಮಿಷ ಬರೆಯಬೇಕು. ಪಿಟಿಎಸ್‌ಡಿ (ಆಘಾತದ ನಂತರ ಕಾಡುವ ಒತ್ತಡದ ಕಾಯಿಲೆ) ಇದ್ದ 126 ಮಂದಿಯ ಮೇಲಿನ ಅವರ 2018ರ ಪ್ರಯೋಗದಲ್ಲಿ ಇದು 12 ಭೇಟಿಗಳ ಪ್ರತಿಷ್ಠಿತ ಮಾತಿನ ಚಿಕಿತ್ಸೆಗಿಂತ ಕೆಳಗಿಳಿಯಲಿಲ್ಲ. ಅರ್ಧಕ್ಕೇ ಬಿಟ್ಟುಹೋದವರು ಇಲ್ಲಿ ನೂರಕ್ಕೆ ಸುಮಾರು 6, ಅಲ್ಲಿ ಸುಮಾರು 40. ಚಿಕಿತ್ಸಕರು ವಿರಳವಾಗಿರುವ ನಮ್ಮ ಜಿಲ್ಲೆಗಳಿಗೆ ಇದಕ್ಕಿಂತ ಮುಖ್ಯವಾದ ಅಂಕಿ ಈ ಸಂಶೋಧನೆಯಲ್ಲಿ ಇನ್ನೊಂದಿಲ್ಲವೆಂದು ನನ್ನ ಭಾವನೆ.

ಆದರೂ ಇದನ್ನು ಇಲ್ಲಿಗೆ ಹಾಗೆಯೇ ಎತ್ತಿ ತರಲಾಗದು. ಕೂಡುಕುಟುಂಬದ ಮನೆಯಲ್ಲಿ, ಬೀಗವಿಲ್ಲದ ಕಪಾಟಿನಲ್ಲಿ, ಮನೆಯೊಳಗಿನ ಹಿಂಸೆಯನ್ನು ಬರೆದ ಹೆಣ್ಣುಮಗಳ ನೋಟ್‌ಬುಕ್ ಅವಳಿಗೇ ಅಪಾಯ. ಬರೆಸುವವರು ಅದನ್ನು ಎಲ್ಲಿಡಬೇಕು, ಬೇಕಿದ್ದರೆ ಹೇಗೆ ನಾಶಮಾಡಬೇಕು ಎಂಬುದನ್ನು ಮೊದಲೇ ತೀರ್ಮಾನಿಸಬೇಕು. ಜೊತೆಗೆ ಕನ್ನಡದಲ್ಲಿ ‘ನಾನು’ ಎನ್ನದೆಯೇ ‘ಹೋದೆ, ಅತ್ತೆ’ ಎಂದು ಕ್ರಿಯಾಪದವೇ ಕರ್ತೃವನ್ನು ಹೇಳಿಬಿಡುತ್ತದೆ. ಇಂಗ್ಲಿಷಿನ ಸರ್ವನಾಮ ಎಣಿಕೆ ನಮ್ಮ ಬರಹಗಳಿಗೆ ಒಗ್ಗದು. ಕನ್ನಡದ ಮನೋವಿಜ್ಞಾನಿಗಳೂ ಭಾಷಾಶಾಸ್ತ್ರಜ್ಞರೂ ಒಟ್ಟಿಗೆ ಕುಳಿತು, ಬರೆದವರ ಒಪ್ಪಿಗೆಯೊಡನೆ, ಕನ್ನಡ ಬರಹಗಳಿಗೆ ತಕ್ಕ ಅಳತೆಗೋಲೊಂದನ್ನು ರೂಪಿಸಬೇಕು. ವಿಶ್ವವಿದ್ಯಾಲಯಗಳ ಸಂಶೋಧನಾ ವಿದ್ಯಾರ್ಥಿಗಳು ಈ ಕೆಲಸವನ್ನು ಕೈಗೆತ್ತಿಕೊಳ್ಳಲಿ ಎಂದು ಕೋರುತ್ತೇನೆ.