ಜರ್ಮನ್ ಪರ್ವತ ಪಡೆಯ ಹಳೆಯ ಅನೋರಾಕ್: ಅಸಲಿಯೋ ನಕಲಿಯೋ? ಗುರುತಿಸುವುದು ಹೀಗೆ

ಎರಡನೇ ಮಹಾಯುದ್ಧ ಕಾಲದ ಸೇನಾ ಉಡುಪುಗಳಿಗೆ ಸಂಗ್ರಾಹಕರಲ್ಲಿ ಬೇಡಿಕೆ ಹೆಚ್ಚು. ಅದರಲ್ಲೂ ಜರ್ಮನಿಯ ಪರ್ವತ ಪಡೆ 'ಗೆಬಿರ್ಗ್ಸ್‌ಯೇಗರ್' ಸೈನಿಕರು ತೊಡುತ್ತಿದ್ದ ಅನೋರಾಕ್‌ಗಳು ಅಪರೂಪ. ಬೇಡಿಕೆ ಇರುವಲ್ಲಿ ನಕಲಿಯೂ ಇರುತ್ತದೆ. ಯುದ್ಧಾನಂತರದ ಉಡುಪುಗಳು, ಸಿನಿಮಾ ಮತ್ತು ಐತಿಹಾಸಿಕ ಪ್ರದರ್ಶನಗಳಿಗಾಗಿ ಹೊಲಿಸಿದ ಪ್ರತಿಕೃತಿಗಳು ಅಸಲಿಯ ಹೆಸರಿನಲ್ಲಿ ಕೈ ಬದಲಾಯಿಸುತ್ತವೆ. ಕೊಳ್ಳುವ ಮುನ್ನ ಏನನ್ನು ನೋಡಬೇಕು? ಇಲ್ಲಿದೆ ಮಾಹಿತಿ.

ಯಾವುದು ಅನೋರಾಕ್?

ಗ್ರೀನ್‌ಲ್ಯಾಂಡ್ ಭಾಷೆಯಿಂದ ಬಂದ ಈ ಪದಕ್ಕೆ ಟೋಪಿ ಇರುವ, ತಲೆಯ ಮೇಲಿಂದ ತೊಡುವ ಗಾಳಿತಡೆ ಅಂಗಿ ಎಂದು ಅರ್ಥ. ಪರ್ವತ ಪಡೆ ಮೊದಲು ಬಳಸಿದ್ದು 'ವಿಂಡ್‌ಯಾಕೆ'. ಇದು ಎರಡು ಸಾಲು ಗುಂಡಿಗಳ, ಒತ್ತಾಗಿ ನೇಯ್ದ ಹತ್ತಿ ಬಟ್ಟೆಯ ಜಾಕೆಟ್. ಯುದ್ಧದ ನಡುವೆ ಬಂದದ್ದು ಎರಡೂ ಬದಿ ತೊಡಬಹುದಾದ ಅನೋರಾಕ್. ಇದರ ಒಂದು ಬದಿ ಹಿಮಕ್ಕೆ ಹೊಂದುವ ಬಿಳಿ, ಇನ್ನೊಂದು ಬದಿ ಕಂದು ಅಥವಾ ಹಸಿರು ಮಿಶ್ರಿತ ಬೂದು. ಹೆಸರು ಗೊಂದಲವಾದರೆ ಮೊದಲ ತಪ್ಪು ಅಲ್ಲೇ ಆಗುತ್ತದೆ.

ವಿನ್ಯಾಸ ನೋಡಿ

ಎರಡು ಬದಿಯ ಅನೋರಾಕ್‌ನ ಎದೆಯ ಮೇಲೆ ಮುಚ್ಚಳವಿರುವ ಮೂರು ಜೇಬುಗಳು ಸಾಲಾಗಿರುತ್ತವೆ. ಕತ್ತಿನ ಸೀಳನ್ನು ದಾರದಿಂದ ಬಿಗಿಯಬಹುದು. ಸೊಂಟಕ್ಕೂ ಎಳೆದು ಕಟ್ಟುವ ದಾರ ಇರುತ್ತದೆ. ಅಂಗಿ ಮೇಲಕ್ಕೆ ಸರಿಯದಂತೆ ಹಿಂಬದಿಯಿಂದ ಕಾಲುಗಳ ನಡುವೆ ತಂದು ಮುಂದೆ ಗುಂಡಿ ಹಾಕುವ ಪಟ್ಟಿಯೂ ಇದೆ. ಈ ಪಟ್ಟಿಯನ್ನು ಕತ್ತರಿಸಿ ತೆಗೆದಿರುವುದುಂಟು. ಆಗ ಹೊಲಿಗೆಯ ಗುರುತಾದರೂ ಉಳಿದಿರಬೇಕು.

ಮುದ್ರೆ ಏನು ಹೇಳುತ್ತದೆ?

ಯುದ್ಧದ ಮೊದಲ ವರ್ಷಗಳ ಸೇನಾ ಉಡುಪುಗಳ ಒಳಭಾಗದಲ್ಲಿ ಉಗ್ರಾಣದ ಅಕ್ಷರ ಮತ್ತು ವರ್ಷದ ಮುದ್ರೆ ಇರುತ್ತದೆ. 'ಇ 41' ಎಂದರೆ ಎರ್ಫುರ್ಟ್ ಉಗ್ರಾಣ, 1941. 1942ರ ಕೊನೆಯ ವೇಳೆಗೆ ತಯಾರಕರ ಹೆಸರಿನ ಬದಲು 'ಆರ್‌ಬಿ' ಎಂದು ಆರಂಭವಾಗುವ ಸಂಕೇತ ಸಂಖ್ಯೆ ಬಂತು. ಕಾರ್ಖಾನೆ ಯಾವುದೆಂಬ ಸುಳಿವು ಶತ್ರುಗಳಿಗೆ ಸಿಗಬಾರದೆಂಬುದು ಇದರ ಉದ್ದೇಶ. ಅನೋರಾಕ್‌ಗಳಲ್ಲಿ ಅಳತೆಯನ್ನು ಸಾಮಾನ್ಯವಾಗಿ 1, 2, 3 ಎಂದು ರೋಮನ್ ಅಂಕಿಗಳಲ್ಲಿ ಗುರುತಿಸಲಾಗುತ್ತಿತ್ತು. ಹಳೆಯ ಶಾಯಿ ನೂಲಿನೊಳಗೆ ಇಂಗಿ ಮಸುಕಾಗಿರುತ್ತದೆ. ಬಟ್ಟೆ ಸವೆದಿದ್ದು ಮುದ್ರೆ ಮಾತ್ರ ಹೊಳೆಯುತ್ತಿದ್ದರೆ ಅನುಮಾನಿಸಿ. ಆದರೆ ಮುದ್ರೆ ಇಲ್ಲ ಎಂದ ಮಾತ್ರಕ್ಕೆ ನಕಲಿಯಲ್ಲ, ಅದು ತೊಳೆದು ಹೋಗಿರಬಹುದು.

ಬಟ್ಟೆ, ದಾರ, ಬೆಳಕು

ಯುದ್ಧ ಮುಂದುವರಿದಂತೆ ಹತ್ತಿಯ ಕೊರತೆಯಿಂದ ರೇಯಾನ್ ಮಿಶ್ರಣ ಹೆಚ್ಚಾಯಿತು. ಪಾಲಿಯೆಸ್ಟರ್ ಮಾರುಕಟ್ಟೆಗೆ ಬಂದದ್ದು ಯುದ್ಧದ ನಂತರ. ಸಡಿಲ ದಾರದ ಚಿಕ್ಕ ತುಣುಕನ್ನು ಸುಟ್ಟಾಗ ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಈ ಪರೀಕ್ಷೆ ಮಾಲೀಕರ ಒಪ್ಪಿಗೆಯಿಂದಷ್ಟೇ ನಡೆಯಬೇಕು.

ಅತಿನೇರಳೆ ದೀಪದ ಕೆಳಗೆ ದಾರ ನೀಲಿಯಾಗಿ ಹೊಳೆದರೆ ಆಧುನಿಕ ಹೊಳಪುಕಾರಕ ಇದೆ ಎಂದರ್ಥ. ಆದರೆ ಇಂದಿನ ಡಿಟರ್ಜೆಂಟ್‌ನಲ್ಲಿ ತೊಳೆದ ಅಸಲಿ ಬಟ್ಟೆಯೂ ಹೊಳೆಯುತ್ತದೆ. ಹಾಗಾಗಿ ಇದೊಂದೇ ಪರೀಕ್ಷೆ ತೀರ್ಪಾಗದು. ಹೊಲಿಗೆಯ ಒಳಮಡಿಕೆ ತೆರೆದು ನೋಡಿ: ಹೊರಗೆ ಬಣ್ಣ ಮಾಸಿದ್ದರೂ ಒಳಗೆ ಮೂಲ ಬಣ್ಣ ಉಳಿದಿರಬೇಕು. ಎಲ್ಲೆಡೆ ಒಂದೇ ರೀತಿ ಮಾಸಿದ್ದರೆ ಕೃತಕವಾಗಿ ಹಳೆಯದಾಗಿಸಿರುವ ಸಾಧ್ಯತೆ ಇದೆ.

ಎಡೆಲ್‌ವೈಸ್ ಪುರಾವೆಯಲ್ಲ

ಎಡೆಲ್‌ವೈಸ್ ಹೂವಿನ ಲಾಂಛನ ಕಂಡ ಕೂಡಲೇ ನಂಬುವುದು ಸಾಮಾನ್ಯ ತಪ್ಪು. 1939ರಲ್ಲಿ ಜಾರಿಗೆ ಬಂದ ಈ ಬ್ಯಾಡ್ಜ್ ಸಮವಸ್ತ್ರದ ಬಲತೋಳು ಮತ್ತು ಟೋಪಿಗೆ ಮೀಸಲಾಗಿತ್ತು. ಅನೋರಾಕ್‌ಗಳು ಸಾಮಾನ್ಯವಾಗಿ ಲಾಂಛನವಿಲ್ಲದೆ ಇರುತ್ತಿದ್ದವು. ಬೆಲೆ ಏರಿಸಲು ನಂತರ ಹೊಲಿದಿರುವುದೇ ಹೆಚ್ಚು. 1955ರಲ್ಲಿ ರಚನೆಯಾದ ಜರ್ಮನ್ ಸೇನೆ ಬುಂಡೆಸ್‌ವೆರ್‌ನ ಪರ್ವತ ಪಡೆಯೂ ಇದೇ ಹೂವನ್ನು ಧರಿಸುತ್ತದೆ. ಲೇಬಲ್‌ನಲ್ಲಿ '8415-12' ಎಂದು ಶುರುವಾಗುವ ನ್ಯಾಟೊ ಸಂಖ್ಯೆ ಇದ್ದರೆ ಅದು ಯುದ್ಧಾನಂತರದ ಉಡುಪು. ಇಲ್ಲಿ 12 ಜರ್ಮನಿಯ ಸಂಕೇತ.

ಇತಿಹಾಸದ ಇನ್ನೊಂದು ಮುಖ

ಈ ಉಡುಪುಗಳು ಬರೀ ಪರ್ವತಾರೋಹಣದ ನೆನಪಲ್ಲ. 1943ರ ಆಗಸ್ಟ್ 16ರಂದು ಗ್ರೀಸ್‌ನ ಕೊಮ್ಮೆನೊ ಗ್ರಾಮದಲ್ಲಿ 1ನೇ ಪರ್ವತ ಡಿವಿಷನ್‌ನ ಸೈನಿಕರು 317 ನಾಗರಿಕರನ್ನು ಕೊಂದರು. ಅಸಲಿ ವಸ್ತುವಿಗೆ ಬೆಲೆ ಬರುವುದು ಅದು ಸಾಕ್ಷಿಯಾಗಿರುವುದರಿಂದ. ನಕಲಿ ವಸ್ತು ಆ ಸಾಕ್ಷ್ಯವನ್ನೇ ಕೆಡಿಸುತ್ತದೆ. ಯಾರಿಂದ, ಯಾವ ಮನೆಯಿಂದ ಬಂತು ಎಂಬ ಲಿಖಿತ ಹಿನ್ನೆಲೆ ಕೇಳಿ. ಮೇಲಿನ ಗುರುತುಗಳಲ್ಲಿ ಒಂದನ್ನೇ ನಂಬದೆ ಎಲ್ಲವೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ನೋಡಿದ ಮೇಲಷ್ಟೇ ಹಣ ಕೊಡಿ.