ವಾಹನದ ಸ್ಥಾನನಿರ್ಣಯ: ಅಗ್ಗದ ಉಪಕರಣವೊಂದರ ಪೂರ್ವಚರಿತ್ರೆ

ಚಲಿಸುತ್ತಿರುವ ವಾಹನವು ಈ ಗಳಿಗೆಯಲ್ಲಿ ಎಲ್ಲಿದೆಯೆಂಬುದನ್ನು ದೂರದಲ್ಲಿರುವವರಿಗೆ ತಿಳಿಸುವ ಉಪಕರಣಕ್ಕೆ ಟ್ರ್ಯಾಕರ್ ಎಂಬ ಹೆಸರು ರೂಢಿಯಲ್ಲಿದೆ. ಜಿ.ಪಿ.ಎಸ್. ಗ್ರಾಹಕವೊಂದು, ಚಿಕ್ಕ ಮೈಕ್ರೊಕಂಟ್ರೋಲರ್ ಒಂದು, ಸಿಮ್ ಕಾರ್ಡನ್ನು ಧರಿಸಿದ ಮೋಡೆಮ್ ಒಂದು, ವಾಹನದ ೧೨ ವೋಲ್ಟಿನ ಬ್ಯಾಟರಿಯಿಂದ ಇವುಗಳಿಗೆ ಬೇಕಾದಷ್ಟು ವಿದ್ಯುತ್ತನ್ನು ಇಳಿಸಿಕೊಡುವ ಪರಿವರ್ತಕವೊಂದು — ಇವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಯಲ್ಲಿ ಕೊಂಡು ತಂದ ವಿದ್ಯಾರ್ಥಿಯು ಮನೆಯ ಮೇಜಿನ ಮೇಲೆಯೇ ಟ್ರ್ಯಾಕರನ್ನು ಜೋಡಿಸಬಲ್ಲನು. ಮಹಾರಾಷ್ಟ್ರಗಳ ಸೇನೆಗಳಿಗಷ್ಟೇ ಸಾಧ್ಯವಾಗಿದ್ದ ಕೆಲಸವು ಇಷ್ಟು ಸುಲಭವಾದುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸಲು ನಾವು ಉದ್ದೇಶಿಸಿದ್ದೇವೆ.

ಈ ಉಪಕರಣಕ್ಕೆ ಎರಡು ಅಂಗಗಳುಂಟು: ಒಂದು ಕೇಳುವ ಅಂಗ, ಇನ್ನೊಂದು ಹೇಳುವ ಅಂಗ. ಉಪಗ್ರಹಗಳ ಸಂಕೇತವನ್ನು ಕೇಳಿ ತನ್ನ ಸ್ಥಾನವನ್ನು ಗಣಿಸಿಕೊಳ್ಳುವ ಗ್ರಾಹಕವು ಯಾರಿಗೂ ಏನನ್ನೂ ತಿಳಿಸುವುದಿಲ್ಲ. ಅದು ಇದೆಯೆಂಬ ಸಂಗತಿಯೂ ಉಪಗ್ರಹಕ್ಕೆ ತಿಳಿಯದು. ಉಪಗ್ರಹವು ಮೇಲಿನಿಂದ ನಮ್ಮನ್ನು ನೋಡುತ್ತಿದೆಯೆಂದು ಅನೇಕರು ಭಾವಿಸಿದ್ದಾರೆ. ಇದು ಪ್ರತ್ಯೇಕವಾಗಿ ಬೆಳೆದುಬಂದ ಎರಡು ವಂಶಗಳನ್ನು ಒಂದೇ ಎಂದು ಬಗೆದುದರಿಂದ ಹುಟ್ಟಿದ ಭ್ರಾಂತಿ.

ಕೇಳುವ ಅಂಗದ ಚರಿತ್ರೆಯು ೧೯೫೭ರ ಅಕ್ಟೋಬರ್ ೪ರಂದು ಸೋವಿಯತ್ ಒಕ್ಕೂಟವು ಹಾರಿಸಿದ ಸ್ಪುಟ್ನಿಕ್ಕಿನಿಂದ ಮೊದಲಾಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯದಲ್ಲಿದ್ದ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫನ್‌ಬಾಕ್ ಎಂಬ ತರುಣ ವಿಜ್ಞಾನಿಗಳು ಅದರ ರೇಡಿಯೋ ಧ್ವನಿಯನ್ನು ಹಿಡಿದರು. ಉಪಗ್ರಹವು ಹತ್ತಿರ ಬರುವಾಗ ಸ್ವರವು ಏರಿದಂತೆಯೂ ದೂರ ಸರಿಯುವಾಗ ಇಳಿದಂತೆಯೂ ತೋರುವ ಡಾಪ್ಲರ್ ಪರಿಣಾಮವನ್ನು ಅಳೆದು, ಅದರಿಂದಲೇ ಅದರ ಕಕ್ಷೆಯನ್ನು ಲೆಕ್ಕಹಾಕಿದರು. ೧೯೫೮ರ ಮಾರ್ಚ್ ತಿಂಗಳಲ್ಲಿ ಅದೇ ಪ್ರಯೋಗಾಲಯದ ಫ್ರಾಂಕ್ ಮೆಕ್ಲೂರ್ ಅವರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಕೇಳುವವನ ಸ್ಥಾನದಿಂದ ಉಪಗ್ರಹದ ಕಕ್ಷೆ ದೊರೆಯುವುದಾದರೆ, ಕಕ್ಷೆಯಿಂದ ಕೇಳುವವನ ಸ್ಥಾನವೇಕೆ ದೊರೆಯಬಾರದು? ಇದರ ಫಲವಾದ ಟ್ರಾನ್ಸಿಟ್ ವ್ಯವಸ್ಥೆಯು ೧೯೬೪ರಲ್ಲಿ ಅಮೆರಿಕದ ನೌಕಾದಳದ ಸೇವೆಗೆ ಬಂದಿತು. ೧೯೬೭ರಲ್ಲಿ ಇತರರ ಉಪಯೋಗಕ್ಕೂ ತೆರೆಯಿತು. ಆದರೆ ಉಪಗ್ರಹವೊಂದು ಹಾದುಹೋಗುವವರೆಗೆ ಹಲವು ನಿಮಿಷ ಕೇಳಬೇಕು, ಮುಂದಿನದು ಬರುವವರೆಗೆ ಬಹಳ ಹೊತ್ತು ಕಾಯಬೇಕು. ನಿಧಾನವಾಗಿ ಸಾಗುವ ಹಡಗಿಗೆ ಇದು ಸಾಕಾಗಿತ್ತು. ತಿರುವು ತಿರುವಿಗೂ ದಿಕ್ಕು ಬದಲಿಸುವ ಮೋಟಾರಿಗೆ ಇದರಿಂದ ಏನೂ ಪ್ರಯೋಜನವಿರಲಿಲ್ಲ. ಆದುದರಿಂದ ಮೋಟಾರು ತಯಾರಕರು ಬಹುಕಾಲ ಆಕಾಶದ ಗೊಡವೆಗೇ ಹೋಗಲಿಲ್ಲ. ೧೯೮೧ರ ಹೋಂಡಾ ಉಪಕರಣವು ಗೈರೋಸ್ಕೋಪನ್ನು ನೆಚ್ಚಿತ್ತು. ೧೯೮೫ರ ಈಟ್ಯಾಕ್ ಉಪಕರಣವು ಚಕ್ರದ ಸುತ್ತುಗಳನ್ನೂ ದಿಕ್ಸೂಚಿಯನ್ನೂ ನೆಚ್ಚಿ, ನಕ್ಷೆಗಳನ್ನು ಕ್ಯಾಸೆಟ್ಟಿನಿಂದ ಓದಿಕೊಳ್ಳುತ್ತಿತ್ತು.

೧೯೭೩ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಯು ವಾಯುದಳದ ಬ್ರ್ಯಾಡ್‌ಫರ್ಡ್ ಪಾರ್ಕಿನ್‌ಸನ್ ಅವರ ನೇತೃತ್ವದಲ್ಲಿ ಜಿ.ಪಿ.ಎಸ್. ಯೋಜನೆಯನ್ನು ಅಂಗೀಕರಿಸಿತು. ಮೊದಲನೆಯ ಉಪಗ್ರಹವು ೧೯೭೮ರ ಫೆಬ್ರವರಿ ೨೨ರಂದು ಹಾರಿತು. ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹವು ಹೊರಡಿಸಿದ ಸಂಕೇತವು ಬಂದು ತಲುಪಲು ಹಿಡಿದ ಕಾಲವನ್ನು ಅಳೆದರೆ ಅದರ ದೂರ ದೊರೆಯುತ್ತದೆ. ಮೂರು ದೂರಗಳು ದೊರೆತರೆ ಸ್ಥಾನ ದೊರೆಯುತ್ತದೆ. ಮೇಲುನೋಟಕ್ಕೆ ಸರಳವಾದ ಈ ತತ್ತ್ವದಲ್ಲಿ ಒಂದು ದೊಡ್ಡ ತೊಡಕುಂಟು. ರೇಡಿಯೋ ತರಂಗವು ಒಂದು ಸೆಕೆಂಡಿನ ಹತ್ತುಲಕ್ಷದಲ್ಲೊಂದು ಭಾಗದಲ್ಲಿ ಸುಮಾರು ೩೦೦ ಮೀಟರ್ ಹೋಗುತ್ತದೆ. ಗ್ರಾಹಕದ ಗಡಿಯಾರವು ಅಷ್ಟು ತಪ್ಪಿದರೂ ಲೆಕ್ಕವು ಒಂದು ಬೀದಿಯಿಂದ ಮತ್ತೊಂದು ಬೀದಿಗೆ ಜಾರುತ್ತದೆ. ಹಾಗಾದರೆ ಪ್ರತಿಯೊಬ್ಬನ ಕೈಯಲ್ಲೂ ಪರಮಾಣು ಗಡಿಯಾರವಿರಬೇಕೆ? ಬೇಡವೆಂಬುದು ಯೋಜಕರ ಉತ್ತರ. ಕಾಲವನ್ನೂ ಒಂದು ಅಜ್ಞಾತವೆಂದು ಭಾವಿಸಿ ನಾಲ್ಕನೆಯ ಉಪಗ್ರಹವನ್ನು ಕೇಳಿದರೆ ನಾಲ್ಕು ಸಮೀಕರಣಗಳು ದೊರೆಯುತ್ತವೆ. ಗಡಿಯಾರದ ತಪ್ಪು ತಾನಾಗಿ ಹೊರಬೀಳುತ್ತದೆ. ಏರೋಸ್ಪೇಸ್ ಕಾರ್ಪೊರೇಷನ್ನಿನ ವುಡ್‌ಫರ್ಡ್ ಮತ್ತು ನಕಾಮುರ ಎಂಬುವರು ೧೯೬೬ರಲ್ಲಿ ಮುಗಿಸಿದ ಅಧ್ಯಯನದಲ್ಲಿ ಈ ಮಾರ್ಗವು ವಿಚಾರಿತವಾಗಿತ್ತು. ಅದು ೧೯೭೯ರವರೆಗೆ ರಹಸ್ಯವಾಗಿಯೇ ಉಳಿಯಿತು. ಬೆಲೆಬಾಳುವ ಗಡಿಯಾರಗಳೆಲ್ಲ ಆಕಾಶದಲ್ಲಿ, ಅಗ್ಗದ ಸ್ಫಟಿಕ ಮಾತ್ರ ನೆಲದ ಮೇಲೆ — ನಮ್ಮ ಅಭಿಪ್ರಾಯದಲ್ಲಿ ಅಗ್ಗದ ಟ್ರ್ಯಾಕರಿನ ಮೂಲವನ್ನು ಹುಡುಕಬೇಕಾದುದು ಈ ವಿಭಜನೆಯಲ್ಲಿಯೇ.

ಇಲ್ಲಿ ಒಂದು ಪ್ರಚಲಿತ ಕಥೆಯನ್ನು ತಿದ್ದುವುದು ಅವಶ್ಯಕ. ೧೯೮೩ರ ಸೆಪ್ಟೆಂಬರ್ ೧ರಂದು ದಾರಿತಪ್ಪಿ ಸೋವಿಯತ್ ಗಡಿಯನ್ನು ಹೊಕ್ಕ ಕೊರಿಯದ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಲಾಯಿತು. ೨೬೯ ಮಂದಿ ಮಡಿದರು. ಅದೇ ತಿಂಗಳಲ್ಲಿ ರೇಗನ್ ಸರ್ಕಾರವು ಜಿ.ಪಿ.ಎಸ್. ಸೇವೆಯನ್ನು ಜಗತ್ತಿಗೆ ಉಚಿತವಾಗಿ ಒದಗಿಸುವುದಾಗಿ ಸಾರಿತು. ಅಲ್ಲಿಯವರೆಗೆ ಮುಚ್ಚಿದ್ದ ಬಾಗಿಲು ಅಂದು ತೆರೆಯಿತೆಂದು ಅನೇಕ ಗ್ರಂಥಗಳು ಹೇಳುತ್ತವೆ. ಇದು ಪೂರ್ಣವಾಗಿ ಸರಿಯಲ್ಲ. ನಾಗರಿಕ ಸಂಕೇತವು ಆರಂಭದ ವಿನ್ಯಾಸದಲ್ಲಿಯೇ ಇದ್ದಿತು. ೧೯೮೩ರ ಘೋಷಣೆಯಿಂದ ದೊರೆತುದು ಭರವಸೆ ಮಾತ್ರ. ಆದರೆ ಆ ಭರವಸೆಯನ್ನು ಅಲ್ಪವೆಂದು ನಾವು ಹೇಳಲಾರೆವು. ನಾಳೆ ನಿಂತುಹೋಗಬಹುದಾದ ಸಂಕೇತವನ್ನು ನಂಬಿ ಯಾವ ಕಾರ್ಖಾನೆಯೂ ಬಂಡವಾಳ ಹೂಡದು.

ಭರವಸೆ ಕೊಟ್ಟ ಸರ್ಕಾರವೇ ೧೯೯೦ರಲ್ಲಿ ನಾಗರಿಕ ಸಂಕೇತದಲ್ಲಿ ಬೇಕೆಂದೇ ತಪ್ಪನ್ನು ಬೆರೆಸಲು ತೊಡಗಿತು. ಕೊಲ್ಲಿ ಯುದ್ಧದಲ್ಲಿ ಸೈನಿಕ ಗ್ರಾಹಕಗಳು ಸಾಲದೆ ಅಂಗಡಿಯ ಗ್ರಾಹಕಗಳನ್ನೇ ಬಳಸಬೇಕಾಗಿ ಬಂದಾಗ ಆ ಬೆರಕೆಯನ್ನು ಕೆಲಕಾಲ ನಿಲ್ಲಿಸಬೇಕಾದುದು ವಿನೋದದ ಸಂಗತಿ. ಬೆರಕೆಯಿದ್ದಾಗ ನಾಗರಿಕರಿಗೆ ೧೦೦ ಮೀಟರಿನವರೆಗೆ ತಪ್ಪು ಬರುತ್ತಿತ್ತು. ಅಷ್ಟು ತಪ್ಪಿನೊಳಗೆ ನಮ್ಮ ಪೇಟೆಗಳ ಮೂರು ಓಣಿಗಳು ಅಡಗುತ್ತವೆ. ೨೦೦೦ದ ಮೇ ೧ರ ರಾತ್ರಿ ಕ್ಲಿಂಟನ್ ಸರ್ಕಾರವು ಇದನ್ನು ಶಾಶ್ವತವಾಗಿ ನಿಲ್ಲಿಸಿತು. ತಪ್ಪು ಒಮ್ಮೆಗೇ ಸುಮಾರು ೨೦ ಮೀಟರಿಗಿಂತ ಕೆಳಗಿಳಿಯಿತು. ೧೯೮೯ರಲ್ಲಿ ಮೆಗೆಲನ್ ಸಂಸ್ಥೆಯ ಕೈಯಲ್ಲಿ ಹಿಡಿಯುವ ಗ್ರಾಹಕಕ್ಕೆ ಸುಮಾರು ೩,೦೦೦ ಡಾಲರ್ ಬೆಲೆಯಿತ್ತು. ತುರ್ತು ಕರೆ ಮಾಡಿದವರು ಎಲ್ಲಿದ್ದಾರೆಂಬುದನ್ನು ದೂರವಾಣಿ ಸಂಸ್ಥೆಗಳು ತಿಳಿಸಬೇಕೆಂದು ಅಮೆರಿಕದ ಸಂಪರ್ಕ ಆಯೋಗವು ೧೯೯೬ರಲ್ಲಿ ವಿಧಿಸಿದ ಮೇಲೆ ಗ್ರಾಹಕವು ದೂರವಾಣಿಯೊಳಗೆ ಸೇರತೊಡಗಿತು; ಕೋಟಿಗಟ್ಟಲೆ ತಯಾರಾದ ವಸ್ತುವಿನ ಬೆಲೆ ಇಳಿದುದರಲ್ಲಿ ಆಶ್ಚರ್ಯವಿಲ್ಲ.

ಹೇಳುವ ಅಂಗದ ವಂಶ ಬೇರೆ. ೧೯೮೧ರಲ್ಲಿ ಹೇಯ್ಸ್ ಸಂಸ್ಥೆಯು ತನ್ನ ಮೋಡೆಮಿಗೆ ಎ, ಟಿ ಎಂಬ ಎರಡು ಅಕ್ಷರಗಳಿಂದ ಮೊದಲಾಗುವ ಆಜ್ಞೆಗಳನ್ನು ಗೊತ್ತುಮಾಡಿತು. ೧೯೯೧ರಲ್ಲಿ ಫಿನ್ಲೆಂಡಿನಲ್ಲಿ ಆರಂಭವಾದ ಜಿ.ಎಸ್.ಎಂ. ದೂರವಾಣಿಯ ಮೋಡೆಮುಗಳೂ ಅದೇ ಭಾಷೆಯನ್ನು ಉಳಿಸಿಕೊಂಡವು. ಗ್ರಾಹಕದ ಕಡೆಯಲ್ಲಿಯೂ ಹೀಗೆಯೇ: ಹಡಗಿನ ಉಪಕರಣಗಳಿಗಾಗಿ ೧೯೮೩ರಲ್ಲಿ ಏರ್ಪಟ್ಟ ಎನ್.ಎಂ.ಇ.ಎ. ಕ್ರಮದಂತೆ ಅಕ್ಷಾಂಶ, ರೇಖಾಂಶ, ವೇಗಗಳು ಅಲ್ಪವಿರಾಮಗಳಿಂದ ಬೇರ್ಪಟ್ಟ ಸಾದಾ ಅಕ್ಷರಗಳ ಸಾಲಾಗಿ ಹೊರಬರುತ್ತವೆ. ಒಂದು ಸಾಲನ್ನು ಓದಿ ಇನ್ನೊಂದು ಸಾಲನ್ನು ಬರೆಯುವುದಷ್ಟೇ ನಡುವಿನ ಮೈಕ್ರೊಕಂಟ್ರೋಲರಿನ ಕೆಲಸ. ೨೦೦೫ರಲ್ಲಿ ಇಟಲಿಯ ಇವ್ರೇಯದಲ್ಲಿ ವಿದ್ಯಾರ್ಥಿಗಳಿಗಾಗಿ ರೂಪಿತವಾದ ಆರ್ಡುಯಿನೋ ಹಲಗೆಯು ಆ ಕೆಲಸವನ್ನು ಎಂಜಿನಿಯರರಲ್ಲದವರಿಗೂ ಒಪ್ಪಿಸಿತು.

ಜೋಡಿಸಿದವರ ಕಷ್ಟಗಳೂ ಈ ಎರಡು ವಂಶಗಳನ್ನೇ ತೋರಿಸುತ್ತವೆ. ಕೇಳುವ ಅಂಗಕ್ಕೆ ಬಯಲು ಆಕಾಶ ಬೇಕು. ಉಕ್ಕಿನ ಛಾವಣಿಯಡಿ ಅದು ಕಿವುಡು. ಹೇಳುವ ಅಂಗವು ಸಂದೇಶ ಕಳುಹಿಸುವ ಕ್ಷಣದಲ್ಲಿ ೨ ಆಂಪೇರಿನವರೆಗೆ ವಿದ್ಯುತ್ತನ್ನು ಎಳೆಯುವುದರಿಂದ, ದುರ್ಬಲ ಪರಿವರ್ತಕವಿದ್ದರೆ ಉಪಕರಣವೆಲ್ಲ ಆರಿ ಮತ್ತೆ ಹೊತ್ತುತ್ತದೆ. ೨೦೧೭ರ ಆರಂಭದಲ್ಲಿ ಅಮೆರಿಕದ ಎ.ಟಿ. ಅಂಡ್ ಟಿ. ಸಂಸ್ಥೆಯು ತನ್ನ ಎರಡನೆಯ ತಲೆಮಾರಿನ ಜಾಲವನ್ನು ಮುಚ್ಚಿದಾಗ ಅದನ್ನು ನೆಚ್ಚಿದ್ದ ಉಪಕರಣಗಳು ತಮ್ಮ ಸ್ಥಾನವನ್ನು ಅರಿತೂ ಹೇಳಲಾರದೆ ಉಳಿದವು.

ಅಗ್ಗವಾದುದರ ಇನ್ನೊಂದು ಮುಖವು ನ್ಯಾಯಾಲಯಗಳಲ್ಲಿ ಕಂಡುಬಂದಿತು. ೧೯೮೩ರ ನಾಟ್ಸ್ ಮೊಕದ್ದಮೆಯಲ್ಲಿ ಪೊಲೀಸರು ರಾಸಾಯನಿಕದ ಪೀಪಾಯಿಯಲ್ಲಿ ರೇಡಿಯೋ ಸೂಚಕವನ್ನಿಟ್ಟು ವಾಹನದ ಹಿಂದೆ ತಾವೂ ಹೋಗಬೇಕಾಗಿತ್ತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಅದರಲ್ಲಿ ದೋಷ ಕಾಣಲಿಲ್ಲ. ಜೋನ್ಸ್ ಮೊಕದ್ದಮೆಯಲ್ಲಿಯಾದರೋ ಜೀಪಿಗೆ ಅಂಟಿಸಿದ ಟ್ರ್ಯಾಕರು ೨೮ ದಿನಗಳ ಸಂಚಾರವನ್ನು ತಾನೇ ವರದಿಮಾಡಿತ್ತು. ೨೦೧೨ರ ಜನವರಿ ೨೩ರಂದು ನ್ಯಾಯಾಲಯವು ಇದನ್ನು ಸಂವಿಧಾನದ ನಿರ್ಬಂಧಕ್ಕೊಳಪಟ್ಟ ಶೋಧವೆಂದು ತೀರ್ಮಾನಿಸಿತು. ಹಿಂದಿನ ಕಾಲದಲ್ಲಿ ಜನರ ಖಾಸಗಿತನವನ್ನು ಹೆಚ್ಚಾಗಿ ಕಾಪಾಡಿದುದು ಕಾನೂನಲ್ಲ, ಹಿಂಬಾಲಿಸುವುದಕ್ಕೆ ತಗಲುವ ಕಷ್ಟವೇ ಎಂಬ ಆಶಯವನ್ನು ನ್ಯಾಯಮೂರ್ತಿ ಅಲಿಟೋ ಅವರು ವ್ಯಕ್ತಪಡಿಸಿದರು. ಇತಿಹಾಸಕಾರರು ಗಮನಿಸಬೇಕಾದ ಮಾತು ಇದು. ಆ ರಕ್ಷಣೆಯನ್ನು ಯಾರೂ ಶಾಸನದಿಂದ ರದ್ದುಮಾಡಲಿಲ್ಲ, ಬೆಲೆ ಇಳಿದಾಗ ಅದು ತಾನಾಗಿ ಕರಗಿತು.

ನಮ್ಮ ದೇಶವು ಎರಡು ಅಂಗಗಳನ್ನೂ ತನ್ನದಾಗಿಸಿಕೊಂಡಿದೆ. ಸ್ವದೇಶೀ ಉಪಗ್ರಹ ಸರಣಿಯ ಮೊದಲನೆಯದು ೨೦೧೩ರ ಜುಲೈ ೧ರಂದು ಹಾರಿತು. ಅದರ ಸಂಚಾಲನ ಕೇಂದ್ರವು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿದೆ. ಹೊಸ ಸಾರ್ವಜನಿಕ ವಾಹನಗಳಲ್ಲಿ ಪ್ರಮಾಣೀಕೃತ ಟ್ರ್ಯಾಕರ್ ಇರಬೇಕೆಂಬ ನಿಯಮವು ೨೦೧೯ರಲ್ಲಿ ಜಾರಿಗೆ ಬಂದಿತು. ಮನೆಯಲ್ಲಿ ಜೋಡಿಸಿದುದು ಅದಕ್ಕೆ ಸಲ್ಲದು. ಖಾಸಗಿತನವು ಮೂಲಭೂತ ಹಕ್ಕೆಂಬ ೨೦೧೭ರ ತೀರ್ಪಿಗೆ ಕಾರಣವಾದ ಅರ್ಜಿಯನ್ನು ಸಲ್ಲಿಸಿದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ೨೦೨೪ರ ಜುಲೈ ೮ರಂದು ನಮ್ಮ ಸರ್ವೋಚ್ಚ ನ್ಯಾಯಾಲಯವು, ಜಾಮೀನು ಪಡೆದವನು ತನ್ನ ಇರುವೆಡೆಯನ್ನು ದೂರವಾಣಿಯ ನಕ್ಷೆಯಲ್ಲಿ ಗುರುತಿಸಿ ತನಿಖಾಧಿಕಾರಿಗೆ ಕಾಣುವಂತಿಡಬೇಕೆಂಬ ಷರತ್ತನ್ನು ತಳ್ಳಿಹಾಕಿತು.